ಬರೆಯದೆ ಬಿಟ್ಟ ಹೆಸರು

ಮನೆಯವರ ಹೆಸರನ್ನು ಅರ್ಜಿಯಲ್ಲಿ ಬರೆಯದೆ ಬಿಟ್ಟರೆ ಅದು ಸುಳ್ಳಾಗುತ್ತದೆಯೇ? ಮೇಲ್ನೋಟಕ್ಕೆ ಇದು ವಕೀಲರು ಉತ್ತರಿಸಬೇಕಾದ ಪ್ರಶ್ನೆ. ಅಮೆರಿಕದ ಡೈವರ್ಸಿಟಿ ವೀಸಾ, ಅಂದರೆ ಜನ ಡಿವಿ ಲಾಟರಿ ಅಥವಾ ಗ್ರೀನ್ ಕಾರ್ಡ್ ಲಾಟರಿ ಎಂದು ಕರೆಯುವ ಯೋಜನೆಯಲ್ಲಿ, ಇದಕ್ಕೆ ನಿಯಮವೇ ಉತ್ತರ ಕೊಟ್ಟುಬಿಟ್ಟಿದೆ. ಅರ್ಜಿ ಹಾಕುವ ದಿನ ಗಂಡನೋ ಹೆಂಡತಿಯೋ ಇದ್ದರೆ ಆ ಹೆಸರು ಬರೆಯಬೇಕು. 21 ವರ್ಷ ತುಂಬದ, ಮದುವೆಯಾಗದ ಮಕ್ಕಳಿದ್ದರೆ ಒಬ್ಬರನ್ನೂ ಬಿಡದೆ ಬರೆಯಬೇಕು. ಹೆತ್ತ ಮಕ್ಕಳು, ದತ್ತು ಮಕ್ಕಳು, ಸಂಗಾತಿಯ ಮೊದಲ ಮದುವೆಯ ಮಕ್ಕಳು ಎಲ್ಲರೂ ಇದರಲ್ಲಿ ಸೇರುತ್ತಾರೆ. ಮಗು ಬೇರೆ ಮನೆಯಲ್ಲಿ ಬೆಳೆಯುತ್ತಿದ್ದರೂ, ಅದು ಅಮೆರಿಕಕ್ಕೆ ಬರುವುದೇ ಇಲ್ಲವೆಂದು ತೀರ್ಮಾನವಾಗಿದ್ದರೂ ಹೆಸರು ಇರಲೇಬೇಕು. ಗಂಡ ಹೆಂಡಿರು ಮನಸ್ಸು ಮುರಿದು ಬೇರೆ ಬೇರೆ ಊರಿನಲ್ಲಿದ್ದರೂ, ವಿಚ್ಛೇದನವೋ ಕಾನೂನು ಒಪ್ಪುವ ಪ್ರತ್ಯೇಕತೆಯ ಆದೇಶವೋ ಆಗುವವರೆಗೆ ಅವರು ಗಂಡ ಹೆಂಡಿರೇ. ಈಗಾಗಲೇ ಅಮೆರಿಕದ ಪೌರರೋ ಕಾಯಂ ನಿವಾಸಿಗಳೋ ಆಗಿರುವವರನ್ನು ಬಿಟ್ಟರೆ ಮಾತ್ರ ತೊಂದರೆಯಿಲ್ಲ. ಉಳಿದ ಯಾರನ್ನು ಬಿಟ್ಟರೂ ಮುಖ್ಯ ಅರ್ಜಿದಾರ ಅನರ್ಹನಾಗುತ್ತಾನೆ. ಅವನ ಜತೆಗೆ ಹೊರಟ ಎಲ್ಲರ ವೀಸಾವೂ ತಿರಸ್ಕೃತವಾಗುತ್ತದೆ. ನಿಯಮ ಇಷ್ಟು. ಆದರೆ ಈ ನಿಯಮ ಏಕೆ ಸರಿ, ಎಲ್ಲಿಯವರೆಗೆ ಸರಿ ಎಂದು ಕೇಳಿದೊಡನೆ ನಾವು ಸತ್ಯದ ಬಗ್ಗೆ ಧರ್ಮಗಳು ಬಹುಕಾಲದಿಂದ ನಡೆಸಿರುವ ಚರ್ಚೆಯ ನಡುವೆ ಬಂದು ನಿಲ್ಲುತ್ತೇವೆ. ನನ್ನ ವಾದ ಇದು: ಇಂಥ ಅರ್ಜಿಯಲ್ಲಿ ಹೆಸರು ಬಿಡುವುದೆಂದರೆ ಜೀವಂತ ಮನುಷ್ಯನೊಬ್ಬನನ್ನು ಇಲ್ಲವೆಂದು ಹೇಳಿದಂತೆಯೇ, ಆ ಮಾತಿನ ಮೊದಲ ಪೆಟ್ಟು ಬೀಳುವುದು ಯಾರ ಹೆಸರನ್ನು ಬಿಟ್ಟರೋ ಅವರ ಮೇಲೆ, ಹಾಗಿರುವಾಗ ಶಿಕ್ಷೆಯನ್ನೂ ಅವರ ತಲೆಗೇ ಕಟ್ಟುವ ಕಾನೂನು ತನ್ನ ನ್ಯಾಯದ ಬುಡವನ್ನೇ ಕಡಿದುಕೊಳ್ಳುತ್ತದೆ.

ಯೋಜನೆ ಹುಟ್ಟಿದ್ದು 1990ರ ಅಮೆರಿಕನ್ ವಲಸೆ ಕಾಯ್ದೆಯಿಂದ. ವೀಸಾ ಹಂಚಿಕೆ 1995ರ ಹಣಕಾಸು ವರ್ಷದಿಂದ ಶುರುವಾಯಿತು. ವರ್ಷಕ್ಕೆ ಗರಿಷ್ಠ 55,000 ವೀಸಾ. ಅದಕ್ಕಾಗಿ ಜಗತ್ತಿನಾದ್ಯಂತ ಲಕ್ಷಗಟ್ಟಲೆ, ಕೆಲವು ವರ್ಷ ಕೋಟಿಗೂ ಮಿಕ್ಕಿ ಜನ ಹೆಸರು ನೋಂದಾಯಿಸಿದ್ದಾರೆ. ಹಿಂದಿನ ಐದು ವರ್ಷಗಳಲ್ಲಿ 50,000ಕ್ಕಿಂತ ಹೆಚ್ಚು ವಲಸಿಗರನ್ನು ಕಳುಹಿಸಿದ ದೇಶಗಳವರಿಗೆ ಅವಕಾಶವಿಲ್ಲವಾದ್ದರಿಂದ ಭಾರತದಲ್ಲಿ ಹುಟ್ಟಿದವರಿಗೆ ಈ ಬಾಗಿಲು ನೇರವಾಗಿ ತೆರೆದಿಲ್ಲ. ನೇಪಾಳ, ಶ್ರೀಲಂಕಾ, ಘಾನಾ, ಈಜಿಪ್ಟ್, ಉಜ್ಬೇಕಿಸ್ತಾನದಂಥ ದೇಶಗಳಲ್ಲಿ ಡಿವಿ ಎಂಬುದು ಮನೆಮಾತು. ಆದರೂ ಕನ್ನಡಿಗರಿಗೆ ಇದು ಪೂರ್ತಿ ಪರಕೀಯವಲ್ಲ. ನೇಪಾಳದಲ್ಲಿ ಹುಟ್ಟಿದ ಹುಡುಗಿಯನ್ನು ಮದುವೆಯಾದ ಬೆಂಗಳೂರಿನ ಹುಡುಗ ಹೆಂಡತಿಯ ಜನ್ಮದೇಶದ ಲೆಕ್ಕದಲ್ಲಿ ಅರ್ಜಿ ಹಾಕಬಹುದು. ಅವನ ಅರ್ಜಿಗೆ ಹೆಂಡತಿಯ ಹೆಸರೇ ಆಧಾರ. ಅದೇ 1990ರ ಕಾಯ್ದೆ ಭಾರತ ಮತ್ತು ನೇಪಾಳದಲ್ಲಿ ನೆಲೆಸಿದ್ದ ಟಿಬೆಟನ್ ನಿರಾಶ್ರಿತರಿಗೆಂದು 1,000 ವೀಸಾಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟಿತ್ತು. ಬೈಲುಕುಪ್ಪೆ, ಮುಂಡಗೋಡಿನಂಥ ನೆಲೆಗಳಿರುವ ನಮ್ಮ ರಾಜ್ಯದಲ್ಲಿ ಅದರ ಅರ್ಥ ಊಹಿಸುವುದು ಕಷ್ಟವಲ್ಲ: ಮೊದಲು ಒಬ್ಬರು ಹೋಗುವುದು, ಸಂಸಾರ ವರ್ಷಗಳ ನಂತರ ಸೇರಿಕೊಳ್ಳುವುದು. ಅಷ್ಟು ವರ್ಷ ಗಂಡ ಹೆಂಡತಿಯ, ತಾಯಿ ಮಗುವಿನ ಸಂಬಂಧವನ್ನು ಸರ್ಕಾರದ ಕಣ್ಣಿನಲ್ಲಿ ಜೀವಂತವಾಗಿಡುವುದು ಒಂದು ಕಾಗದದ ಮೇಲಿನ ಹೆಸರು ಮಾತ್ರ.

ಹೆಸರು ಬಿಟ್ಟದ್ದರ ಫಲ ತಕ್ಷಣ ಕಾಣಿಸುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ನೋಂದಣಿಯ ಹೊತ್ತಿನಲ್ಲಿ ಮದುವೆಯ, ಮಕ್ಕಳ ದಾಖಲೆಯನ್ನು ಯಾರೂ ಕೇಳುವುದಿಲ್ಲ. ಕಂಪ್ಯೂಟರು ಅದೃಷ್ಟದ ಸಂಖ್ಯೆ ಎತ್ತುವಾಗ ಮಕ್ಕಳು ಎಷ್ಟೆಂದು ನೋಡುವುದೂ ಇಲ್ಲ. ಆಯ್ಕೆಯಾದ ಸುದ್ದಿ ಬಂದ ಮೇಲೆ ದೀರ್ಘವಾದ ಎರಡನೆಯ ಅರ್ಜಿ, ಜನನ ಪ್ರಮಾಣಪತ್ರ, ಮದುವೆ ಪತ್ರ, ಪೊಲೀಸ್ ಪತ್ರ, ವೈದ್ಯಕೀಯ ತಪಾಸಣೆ. ಆ ಹಂತದಲ್ಲಿ ಬಹಳ ಜನ ಸತ್ಯವನ್ನೇ ಬರೆಯುತ್ತಾರೆ. ಮಗುವನ್ನು ಬಿಟ್ಟು ಹೋಗುವ ಮನಸ್ಸು ಯಾರಿಗಿರುತ್ತದೆ? ಸಂದರ್ಶನದ ದಿನ ಅಧಿಕಾರಿ ಮೊದಲನೆಯ ಅರ್ಜಿಯನ್ನೂ ಎರಡನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ಮಗುವಿನ ಜನ್ಮದಿನಾಂಕ ನೋಡುತ್ತಾನೆ. ಅರ್ಜಿ ಹಾಕಿದ ಮೇಲೆ ಹುಟ್ಟಿದ ಮಗುವಾದರೆ, ಆಮೇಲೆ ಆದ ನಿಜವಾದ ಮದುವೆಯಾದರೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಮೊದಲೇ ಹುಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯಿತು. ಸಲ್ಲಿಸಿದ ಅರ್ಜಿಯನ್ನು ತಿದ್ದುವ ದಾರಿಯಿಲ್ಲ. ಎರಡನೆಯ ಸಲ ಹಾಕಿದರೆ ಎರಡೂ ಅನರ್ಹ. ಕಟ್ಟಿದ ಶುಲ್ಕ ಹಿಂದಿರುಗುವುದಿಲ್ಲ. ಸೆಪ್ಟೆಂಬರ್ 30ಕ್ಕೆ ಹಣಕಾಸು ವರ್ಷ ಮುಗಿದೊಡನೆ ಅವಕಾಶವೂ ಮುಗಿಯುತ್ತದೆ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಬೇಕೆಂದೇ ಮಹತ್ವದ ಸಂಗತಿಯನ್ನು ಮರೆಮಾಚಿದರೆಂದು ತೀರ್ಮಾನವಾದರೆ ಆ ಕಳಂಕ ಮುಂದಿನ ಎಲ್ಲ ವೀಸಾ ಅರ್ಜಿಗಳಿಗೂ ಅಂಟಿಕೊಳ್ಳುತ್ತದೆ. ಯಾರಾದರೂ ಸಿಕ್ಕಿಬೀಳದೆ ಅಮೆರಿಕ ಸೇರಿಬಿಟ್ಟರೂ ನೆಮ್ಮದಿಯಿಲ್ಲ: ಬಿಟ್ಟುಬಂದ ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ ದಿನವೇ ಮದುವೆಯ ಹಳೆಯ ತಾರೀಕು ತನ್ನ ಗ್ರೀನ್ ಕಾರ್ಡಿನ ಮೇಲೆಯೇ ಪ್ರಶ್ನೆ ಎಬ್ಬಿಸುತ್ತದೆ.

ಹೀಗೆ ಸಿಕ್ಕಿಕೊಂಡವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು, ನಾನು ಸುಳ್ಳೇನೂ ಹೇಳಲಿಲ್ಲವಲ್ಲ ಎಂಬುದು. ಈ ಸಮರ್ಥನೆಗೆ ದೊಡ್ಡ ಪರಂಪರೆಯೇ ಇದೆ. ಬೈಬಲಿನ ಆದಿಕಾಂಡದಲ್ಲಿ ಬರಗಾಲಕ್ಕೆ ಸಿಕ್ಕಿ ಅಬ್ರಹಾಮ ಈಜಿಪ್ಟಿಗೆ ವಲಸೆ ಹೋಗುತ್ತಾನೆ. ಗಡಿಯ ಹತ್ತಿರ ಬಂದಾಗ, ಹೆಂಡತಿ ಸಾರಾಳ ಚೆಲುವಿನಿಂದ ತನ್ನ ಜೀವಕ್ಕೆ ಕುತ್ತು ಬರಬಹುದೆಂದು ಹೆದರಿ, ತಂಗಿ ಎಂದು ಹೇಳಿಕೊಳ್ಳುವಂತೆ ಅವಳಿಗೆ ಕಲಿಸುತ್ತಾನೆ. ಅದೇ ಗ್ರಂಥದಲ್ಲಿ ಮುಂದೆ ಇನ್ನೊಬ್ಬ ಅರಸನ ಎದುರು ಇದೇ ಪ್ರಸಂಗ ಮರುಕಳಿಸುತ್ತದೆ. ಅಲ್ಲಿ ಆತ ಕೊಡುವ ವಿವರಣೆ, ಅವಳು ನಿಜವಾಗಿಯೂ ತನ್ನ ತಂದೆಯ ಮಗಳು, ತಾಯಿ ಮಾತ್ರ ಬೇರೆ ಎಂಬುದು. ಅಂದರೆ ಹೇಳಿದ್ದೆಲ್ಲ ನಿಜ. ಹೇಳದೆ ಬಿಟ್ಟದ್ದು ಹೆಂಡತಿ ಎಂಬ ಒಂದು ಸಂಗತಿ. ಸುಳ್ಳಿನ ವಿಷಯದಲ್ಲಿ ಕ್ರೈಸ್ತ ಪರಂಪರೆಯ ಅತ್ಯಂತ ಕಠಿಣ ಚಿಂತಕರಲ್ಲಿ ಒಬ್ಬನಾದ ಸಂತ ಅಗಸ್ಟೀನನೂ ಇಲ್ಲಿ ಮೃದುವಾಗುತ್ತಾನೆ. ಅಬ್ರಹಾಮ ಸತ್ಯದ ಒಂದು ಭಾಗವನ್ನು ಮುಚ್ಚಿಟ್ಟನೇ ಹೊರತು ಸುಳ್ಳಾಡಲಿಲ್ಲ ಎಂದು ಅವನ ತೀರ್ಪು. ಮುಚ್ಚಿಡುವುದಕ್ಕೂ ಸುಳ್ಳಿಗೂ ನಡುವೆ ಗೆರೆ ಎಳೆಯಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಮನೆಯ ಸಮಾಚಾರ ಹೇಳುತ್ತ ಕೂರಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ. ಆದರೆ ಅಗಸ್ಟೀನನ ಪರೀಕ್ಷೆ ಅಬ್ರಹಾಮನ ನಾಲಿಗೆಯನ್ನು ಮಾತ್ರ ತೂಗುತ್ತದೆ. ಆ ಅರ್ಧ ಮಾತಿನಿಂದ ಸಾರಾಳಿಗೆ ಏನಾಯಿತೆಂದು ಅದು ಕೇಳುವುದಿಲ್ಲ. ಅವಳನ್ನು ಫರೋಹನ ಅರಮನೆಗೆ ಕರೆದೊಯ್ಯುತ್ತಾರೆ; ಗಂಡನಿಗೆ ಕುರಿ, ದನ, ಆಳುಕಾಳು ದಕ್ಕುತ್ತವೆ. ಹೆಂಡತಿ ಎಂದು ಮೊದಲೇ ಏಕೆ ಹೇಳಲಿಲ್ಲವೆಂದು ಕೊನೆಗೆ ಗದರಿಸುವವನು ಪರದೇಶದ ಅರಸ. ಆ ಕತೆಯಲ್ಲಿ ನೀತಿಯ ಪ್ರಶ್ನೆಯನ್ನು ನೇರವಾಗಿ ಎತ್ತುವವನು ಅವನೇ ಎಂಬುದನ್ನು ಗಮನಿಸಬೇಕು.

ಮೌನ ಯಾವಾಗ ಮಾತಾಗುತ್ತದೆ ಎಂಬುದನ್ನು ನಮ್ಮ ಮೀಮಾಂಸಕರು ಬೇರೊಂದು ಪ್ರಶ್ನೆಯ ಸಂದರ್ಭದಲ್ಲಿ ಇನ್ನೂ ನಿಖರವಾಗಿ ಬಿಡಿಸಿಟ್ಟಿದ್ದಾರೆ. ಇಲ್ಲದ ವಸ್ತು ಇಲ್ಲವೆಂದು ನಮಗೆ ತಿಳಿಯುವುದು ಹೇಗೆ? ಕುಮಾರಿಲ ಭಟ್ಟನ ಪರಂಪರೆ ಇದಕ್ಕೆ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿತು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಆದರೆ ಕತ್ತಲೆಯಲ್ಲಿ ಈ ತರ್ಕ ನಡೆಯದು. ಕಣ್ಣಿಗೆ ಕಾಣದ ಪರಮಾಣುವಿನ ವಿಷಯದಲ್ಲೂ ನಡೆಯದು. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವ ಪರಿಸ್ಥಿತಿಯಲ್ಲಿ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಾಗುತ್ತದೆ. ಈ ಯೋಗ್ಯತೆಯ ಷರತ್ತು ನಮ್ಮ ಪ್ರಶ್ನೆಗೆ ನೇರವಾಗಿ ಹೊಂದುತ್ತದೆ. ಊರಿಗೆ ಬರೆದ ಪತ್ರದಲ್ಲಿ ಮಗಳ ಹೆಸರು ಬಂದಿಲ್ಲವೆಂದರೆ ಮಗಳಿಲ್ಲವೆಂದು ಯಾರೂ ತಿಳಿಯುವುದಿಲ್ಲ. ಎಲ್ಲ ಮಕ್ಕಳ ಹೆಸರು ಬರೆಯುವ ಜಾಗ ಅದಲ್ಲ. ಲಾಟರಿ ಅರ್ಜಿಯೋ ಎಲ್ಲ ಮಕ್ಕಳನ್ನೂ ಬರೆಯಿರಿ, ಬರದವರನ್ನೂ ಬರೆಯಿರಿ ಎಂದು ಮೊದಲೇ ಹೇಳಿ ನೆಲವನ್ನೆಲ್ಲ ಬೆಳಕಿನಲ್ಲಿ ಇಟ್ಟಿದೆ. ಇದ್ದಿದ್ದರೆ ಇಲ್ಲಿ ಕಾಣಲೇಬೇಕಿತ್ತು, ಕಾಣುತ್ತಿಲ್ಲ, ಆದ್ದರಿಂದ ಅಂಥ ಮಗು ಇಲ್ಲ. ಓದುವವನು ಹೀಗೆ ತಿಳಿಯುತ್ತಾನೆಂದು ಬರೆದವನಿಗೂ ಗೊತ್ತು. ಹಾಗಾಗಿ ಅಲ್ಲಿ ಮೌನಕ್ಕೆ ಜಾಗವೇ ಉಳಿದಿಲ್ಲ. ಹತ್ತನೆಯ ಶತಮಾನದ ಸುಮಾರಿಗಿದ್ದ ಜೈನ ಆಚಾರ್ಯ ಅಮೃತಚಂದ್ರ ತನ್ನ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯದ ಬಗೆಗಳನ್ನು ವಿಂಗಡಿಸುವಾಗ ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳುವುದು ಇರುವುದನ್ನು ಇಲ್ಲವೆನ್ನುವುದನ್ನು. ಅದಕ್ಕೆ ಕೊಡುವ ಉದಾಹರಣೆ, ಇರುವ ದೇವದತ್ತನನ್ನು ಇಲ್ಲಿಲ್ಲ ಎನ್ನುವುದು. ಇಲ್ಲದ್ದನ್ನು ಇದೆಯೆನ್ನುವುದು ಎರಡನೆಯದು. ಖುರಾನಿನ ಎರಡನೆಯ ಅಧ್ಯಾಯವೂ ಸಾಲದ ಪತ್ರ ಬರೆಯುವ ಸಂದರ್ಭದಲ್ಲಿ ಸಾಕ್ಷ್ಯವನ್ನು ಮುಚ್ಚಿಡುವುದನ್ನು ಹೃದಯದ ಪಾಪವೆಂದೇ ಎಣಿಸುತ್ತದೆ. ಬರೆದು ಕೊಡಬೇಕಾದ ಕಡೆ ಬರೆಯದಿರುವುದನ್ನು ಈ ಪರಂಪರೆಗಳು ಸಣ್ಣ ವಿಷಯವೆಂದು ತಿಳಿದಿರಲಿಲ್ಲ.

ಇದು ಸುಳ್ಳು ಎಂದಾದ ಮೇಲೆ, ಯಾರಿಗೆ ಮಾಡಿದ ಅನ್ಯಾಯ ಎಂಬುದು ಮುಂದಿನ ಪ್ರಶ್ನೆ. ವಾಡಿಕೆಯ ಉತ್ತರ ಸರ್ಕಾರಕ್ಕೆ ಎಂಬುದು. ನನಗೆ ಆ ಉತ್ತರ ಸಾಲದು. ಸರ್ಕಾರಕ್ಕೆ ಒಂದು ಮಾಹಿತಿ ತಪ್ಪಿತು, ಅಷ್ಟೇ. ಮಗುವಿಗೆ ತಪ್ಪಿದ್ದು ತನ್ನ ತಂದೆಯ ಮಗು ಎಂಬ ಸ್ಥಾನ. ಮಹಾಭಾರತದಲ್ಲಿ ಕುಂತಿ ಕರ್ಣನ ಬಗ್ಗೆ ಒಂದೇ ಒಂದು ಸುಳ್ಳು ಮಾತನ್ನೂ ಆಡಬೇಕಾಗಿ ಬರಲಿಲ್ಲ. ತನ್ನ ಮಕ್ಕಳ ಲೆಕ್ಕದಲ್ಲಿ ಅವನನ್ನು ಸೇರಿಸದಿದ್ದರೆ ಸಾಕಾಗಿತ್ತು. ಯುದ್ಧ ಮುಗಿದು, ಸತ್ತ ಬಂಧುಗಳಿಗೆ ನೀರು ಬಿಡುವ ಹೊತ್ತಿನಲ್ಲಿ, ಅವನಿಗೂ ತರ್ಪಣ ಕೊಡಿ, ಅವನು ನಿಮ್ಮ ಹಿರಿಯಣ್ಣ ಎಂದು ಅವಳು ಬಾಯಿಬಿಡುತ್ತಾಳೆ. ಯುಧಿಷ್ಠಿರನ ಕೋಪ ಆಗ ಹೆಂಗಸರಲ್ಲಿ ಗುಟ್ಟು ನಿಲ್ಲದಿರಲಿ ಎಂಬ ಶಾಪವಾಗಿ ಹೊರಡುತ್ತದೆ. ಆ ಶಾಪ ಅನ್ಯಾಯದ್ದೇ, ಏಕೆಂದರೆ ಮದುವೆಯಾಗದ ಹುಡುಗಿಯ ಭಯವನ್ನು ಅದು ಅಳೆಯಲಿಲ್ಲ. ಆದರೆ ಅವನ ದುಃಖದ ಹಿಂದಿನ ಅರಿವು ಸರಿಯಾದದ್ದು: ಲೆಕ್ಕದಿಂದ ಬಿಟ್ಟ ಒಬ್ಬನಿಂದಾಗಿ ಉಳಿದ ಐವರ ಬದುಕೂ ತಪ್ಪು ಲೆಕ್ಕದ ಮೇಲೆ ನಡೆದುಹೋಯಿತು. ನಮ್ಮ ಹಳ್ಳಿಗಳಲ್ಲಿ ಪೌತಿ ಖಾತೆಗೆಂದು ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟುಬಿಡುವ ರೂಢಿಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಲ್ಲಿಯೂ ಯಾರೂ ತಂಗಿ ಇಲ್ಲವೆಂದು ಘೋಷಿಸುವುದಿಲ್ಲ. ಗೆರೆ ಎಳೆಯುವುದಿಲ್ಲ, ಅಷ್ಟೇ. ತಂಗಿ ಪಾಲು ಕೇಳಲು ಬಂದ ದಿನ ಆ ಎಳೆಯದ ಗೆರೆಯೇ ಗೋಡೆಯಾಗಿ ನಿಂತಿರುತ್ತದೆ. ವೀಸಾ ಅರ್ಜಿಯಲ್ಲೂ ನಡೆಯುವುದು ಇದೇ. ಆಮೇಲೆ ಸೇರಿಸಿದರಾಯಿತು ಎಂದುಕೊಂಡು ಬಿಟ್ಟ ಹೆಸರು ಆಮೇಲೆ ಸೇರುವುದಿಲ್ಲ.

ಇದಕ್ಕೆ ಬರುವ ಒಂದು ಆಕ್ಷೇಪಣೆ ಗಟ್ಟಿಯಾದದ್ದು. ಹೆಸರು ಬಿಟ್ಟದ್ದರಿಂದ ಯಾವ ಲಾಭವೂ ಆಗದಿದ್ದರೆ ಅದನ್ನು ಮೋಸವೆಂದು ಕರೆಯುವುದು ಹೇಗೆ? ಸಂಸಾರ ದೊಡ್ಡದಾದರೆ ಅದೃಷ್ಟ ಕಡಿಮೆಯಾಗುತ್ತದೆಂಬ ನಂಬಿಕೆ ತಪ್ಪು. ಮಕ್ಕಳಿಲ್ಲದವನಿಗೂ ಆರು ಮಕ್ಕಳಿರುವವನಿಗೂ ಆಯ್ಕೆಯ ಅವಕಾಶ ಒಂದೇ. ಇನ್ನೂ ಹೇಳಬೇಕೆಂದರೆ, ಇಬ್ಬರಿಗೂ ಅರ್ಹತೆಯಿದ್ದರೆ ಗಂಡ ಹೆಂಡತಿ ಒಬ್ಬರ ಹೆಸರನ್ನು ಇನ್ನೊಬ್ಬರು ಬರೆದು ಎರಡು ಪ್ರತ್ಯೇಕ ಅರ್ಜಿ ಹಾಕಬಹುದು. ಸತ್ಯ ಹೇಳಿದವರ ಮನೆಗೇ ಎರಡು ಅವಕಾಶ. ಹಾಗಿದ್ದಾಗ ಹೆಸರು ಬಿಟ್ಟವನು ನಷ್ಟ ಮಾಡಿಕೊಂಡದ್ದು ತನಗೆ ತಾನೇ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ಈ ಬಗೆಯ ತರ್ಕಕ್ಕೆ ಕಿವಿಗೊಟ್ಟಿದೆ. ಬೋಸ್ನಿಯಾದಿಂದ ನಿರಾಶ್ರಿತಳಾಗಿ ಬಂದ ಮಹಿಳೆಯೊಬ್ಬಳು ತನ್ನ ಗಂಡ ಸೇನೆಯಲ್ಲಿದ್ದ ವಿಷಯದಲ್ಲಿ ಸುಳ್ಳು ಹೇಳಿದ್ದ ಪ್ರಕರಣದಲ್ಲಿ, ಆ ಸುಳ್ಳಿಗೂ ಪೌರತ್ವ ದೊರೆತದ್ದಕ್ಕೂ ಸಂಬಂಧವಿದ್ದರೆ ಮಾತ್ರ ಅದರ ಕಾರಣಕ್ಕೆ ಪೌರತ್ವ ಕಸಿಯಬಹುದೆಂದು ಅದು 2017ರಲ್ಲಿ ಹೇಳಿತು. ಅದು ಪೌರತ್ವದ ಮಾತು. ಲಾಟರಿ ಅರ್ಜಿಯ ಅನರ್ಹತೆಗೆ ಅನ್ವಯಿಸುವುದಿಲ್ಲ. ಆದರೂ ಅದರ ಹಿಂದಿನ ವಿವೇಕ ನನಗೆ ಒಪ್ಪಿಗೆ. ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಸುಳ್ಳಿನಿಂದ ಏನು ಸಿಕ್ಕಿತೆಂದು ನೋಡಲೇಬೇಕು. ಆದರೆ ಶಿಕ್ಷೆ ಎಷ್ಟು ಎಂಬುದು ಒಂದು ಪ್ರಶ್ನೆ, ತಪ್ಪಾಯಿತೇ ಎಂಬುದು ಇನ್ನೊಂದು. ಲಾಭವಿಲ್ಲದ ನಿರಾಕರಣೆಯೂ ನಿರಾಕರಣೆಯೇ. ಅಷ್ಟೇ ಅಲ್ಲ, ಲಾಭವಿಲ್ಲವೆಂಬ ಮಾತು ಎಲ್ಲ ಕಡೆ ನಿಜವೂ ಅಲ್ಲ. ಮಾನವಶಾಸ್ತ್ರಜ್ಞ ಚಾರ್ಲ್ಸ್ ಪಿಯೊ ಪಶ್ಚಿಮ ಆಫ್ರಿಕಾದ ಟೋಗೊ ದೇಶದ ವೀಸಾ ಲಾಟರಿಯ ಬಗ್ಗೆ 2019ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆಯ್ಕೆಯಾಗಿಯೂ ಖರ್ಚಿಗೆ ಹಣವಿಲ್ಲದವರ ಶುಲ್ಕವನ್ನು ಬೇರೆಯವರು ಕಟ್ಟಿ, ಪ್ರತಿಯಾಗಿ ಗಂಡನೋ ಹೆಂಡತಿಯೋ ಆಗಿ ಹೊರಡುವ ವ್ಯವಸ್ಥೆಯ ವಿವರಗಳಿವೆ. ಸಂಗಾತಿಯ ಜಾಗಕ್ಕೆ ಹೀಗೆ ಬೆಲೆ ಬರುವ ಕಡೆ, ಇರುವ ಹೆಂಡತಿಯ ಹೆಸರನ್ನು ಬರೆಯದೆ ಆ ಜಾಗವನ್ನು ಖಾಲಿ ಇಟ್ಟುಕೊಳ್ಳುವ ಆಸೆ ಹುಟ್ಟದಿರುವುದಿಲ್ಲ. ಆಗ ಬಿಟ್ಟ ಹೆಸರಿನ ಜಾಗ ಮಾರಾಟಕ್ಕೆ ಬಂದಂತಾಗುತ್ತದೆ.

ಎರಡನೆಯ ಆಕ್ಷೇಪಣೆ ಸರ್ಕಾರದ ಮೇಲಿನದು. ಹುಟ್ಟಿದ ಜಾಗವನ್ನು ನೋಡಿ ಅವಕಾಶ ಕೊಡುವ, ಅದನ್ನೂ ಚೀಟಿ ಎತ್ತಿ ಹಂಚುವ ವ್ಯವಸ್ಥೆಗೆ ಬಡವರು ಸತ್ಯದ ಋಣ ತೀರಿಸಬೇಕೆ? 2011ರ ಮೇ ತಿಂಗಳಲ್ಲಿ ನಡೆದದ್ದನ್ನು ನೆನೆದರೆ ಈ ಸಿಟ್ಟು ಅರ್ಥವಾಗುತ್ತದೆ. ಸುಮಾರು 22,000 ಜನರಿಗೆ ಆಯ್ಕೆಯಾಗಿದ್ದೀರೆಂದು ತಿಳಿಸಿದ ಮೇಲೆ, ಕಂಪ್ಯೂಟರ್ ದೋಷದಿಂದ ಆಯ್ಕೆ ಸರಿಯಾಗಿ ಆಗಿಲ್ಲವೆಂದು ಅಮೆರಿಕ ಸರ್ಕಾರ ಫಲಿತಾಂಶವನ್ನೇ ರದ್ದುಮಾಡಿತು. ತನ್ನ ತಪ್ಪನ್ನು ಸರ್ಕಾರ ಹೀಗೆ ತಿದ್ದಿಕೊಳ್ಳಬಹುದು, ಅರ್ಜಿದಾರ ತನ್ನದನ್ನು ತಿದ್ದಿಕೊಳ್ಳಲಾರ. ಈ ಅಸಮಾನತೆ ನಿಜವಾದದ್ದು. ತತ್ವಶಾಸ್ತ್ರದಲ್ಲಿ ಈ ವಾದದ ಪ್ರಸಿದ್ಧ ರೂಪ ಬೆಂಜಮಿನ್ ಕಾನ್‌ಸ್ಟಂಟನದು: ಸತ್ಯಕ್ಕೆ ಹಕ್ಕುಳ್ಳವರಿಗೆ ಮಾತ್ರ ಸತ್ಯ ಹೇಳುವ ಕರ್ತವ್ಯವಿದೆ. ಮನೆಬಾಗಿಲಿಗೆ ಬಂದ ಕೊಲೆಗಡುಕನಿಗೂ ಸುಳ್ಳು ಹೇಳಬಾರದೆಂದು ಕಾಂಟ್ 1797ರಲ್ಲಿ ಅವನಿಗೆ ಕೊಟ್ಟ ಉತ್ತರವನ್ನು ಇಂದಿಗೂ ಬಹಳ ಜನ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಕಾನ್‌ಸ್ಟಂಟನೇ ಸರಿ ಎಂದಿಟ್ಟುಕೊಳ್ಳೋಣ. ಸರ್ಕಾರಕ್ಕೆ ಸತ್ಯದ ಹಕ್ಕೇ ಇಲ್ಲವೆಂದೂ ಒಪ್ಪಿಕೊಳ್ಳೋಣ. ಆಗಲೂ ಈ ಅರ್ಜಿಯಲ್ಲಿ ಸತ್ಯಕ್ಕೆ ಹಕ್ಕುಳ್ಳ ಇನ್ನೊಬ್ಬರು ಉಳಿದೇ ಇದ್ದಾರೆ. ತಾನು ಯಾರ ಮಗು ಎಂದು ದಾಖಲೆಯಲ್ಲಿ ಬರೆಸಿಕೊಳ್ಳುವ ಹಕ್ಕು ಮಗುವಿಗಿದೆ; ಮದುವೆಯನ್ನು ಗಂಡ ಒಪ್ಪಿಕೊಳ್ಳಬೇಕೆಂಬ ಹಕ್ಕು ಹೆಂಡತಿಗಿದೆ. ಕೊಲೆಗಡುಕನಿಗೆ ಸುಳ್ಳು ಹೇಳುವುದು ಒಳಗೆ ಅಡಗಿರುವವನನ್ನು ಉಳಿಸಲು. ಇಲ್ಲಿ ಅಡಗಿಸಿಟ್ಟವರು ಅಡಗಿಸಿದ್ದರಿಂದಲೇ ಕೆಡುತ್ತಾರೆ. ರಾಘವಾಂಕ ಹಾಡಿದ ಹರಿಶ್ಚಂದ್ರನಿಗೆ ಸತ್ಯ ಉಳಿಸಲು ಹೆಂಡತಿ ಮಗನನ್ನು ಕಳೆದುಕೊಳ್ಳಬೇಕಾದ ಕಠೋರ ಇಕ್ಕಟ್ಟು ಬಂದಿತ್ತು. ಲಾಟರಿಯ ಅರ್ಜಿದಾರನಿಗೆ ಆ ಇಕ್ಕಟ್ಟಿಲ್ಲ. ಇಲ್ಲಿ ಸತ್ಯವೂ ಸಂಸಾರವೂ ಒಂದೇ ಕಡೆ ನಿಂತಿವೆ.

ಇನ್ನು ಅಜ್ಞಾನದ ವಿಷಯ. ಬಹುಪಾಲು ಪ್ರಕರಣಗಳಲ್ಲಿ ವಂಚನೆಯ ಉದ್ದೇಶವೇ ಇರುವುದಿಲ್ಲವೆಂದು ಹೇಳುವವರ ಮಾತಿನಲ್ಲಿ ಹುರುಳಿದೆ. ಅರ್ಜಿ ಇಂಗ್ಲಿಷಿನಲ್ಲಿ, ತುಂಬುವವನು ಸೈಬರ್ ಕೆಫೆಯ ಹುಡುಗ ಅಥವಾ ಏಜೆಂಟ್, ಜತೆಗೆ ಬರುವವರನ್ನು ಮಾತ್ರ ಬರೆಯಬೇಕೆಂದು ತಿಳಿದುಕೊಳ್ಳುವುದು ಸಹಜ. ಹೆಂಡತಿಯ ಮೊದಲ ಗಂಡನ ಮಗ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದರೆ ಅವನನ್ನು ತನ್ನ ಮಕ್ಕಳ ಲೆಕ್ಕಕ್ಕೆ ಸೇರಿಸಬೇಕೆಂದು ಎಷ್ಟು ಜನರಿಗೆ ಹೊಳೆಯುತ್ತದೆ? ಕರ್ಮವೆಂದರೆ ಚೇತನೆಯೇ, ಅಂದರೆ ಉದ್ದೇಶವೇ, ಎಂದ ಬುದ್ಧನ ಅಳತೆಯಲ್ಲಿ ಇಂಥವರು ಸುಳ್ಳುಗಾರರಲ್ಲ. ಉದ್ದೇಶವಿಲ್ಲದ ಬಿಡುವಿಕೆಯನ್ನು ಪಾಪವೆಂದು ಕರೆಯಲು ನಾನೂ ಸಿದ್ಧನಿಲ್ಲ. ಆದರೆ ಉದ್ದೇಶವಿಲ್ಲದ ಕಡೆ ಹೊಣೆಯೂ ಇಲ್ಲವೆಂದು ಹೇಳಲಾಗದು. ಉಮಾಸ್ವಾತಿಯ ತತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಬಳಸುವ ಪ್ರಮಾದದ ಷರತ್ತನ್ನು ವ್ಯಾಖ್ಯಾನಕಾರರು ಅಸತ್ಯಕ್ಕೂ ವಿಸ್ತರಿಸುತ್ತಾರೆ. ಎಚ್ಚರಗೇಡಿತನವೂ ದೋಷದ ಮೂಲವೇ. ಬದುಕಿನ ದಿಕ್ಕನ್ನೇ ಬದಲಿಸುವ ಕಾಗದವನ್ನು, ಮನೆಯವರ ಹೆಸರುಗಳಿರಬೇಕಾದ ಕಾಗದವನ್ನು, ಏನು ಬರೆದಿದೆಯೆಂದು ಓದಿಸಿ ಕೇಳದೆ ಬಿಟ್ಟುಕೊಡುವುದು ಅಂಥ ಎಚ್ಚರಗೇಡಿತನ. ತನ್ನದೇ ಮಕ್ಕಳನ್ನು ಎಣಿಸುವ ಕೆಲಸವನ್ನು ಅಪರಿಚಿತನಿಗೆ ಒಪ್ಪಿಸಬಾರದಿತ್ತು. ಏಜೆಂಟನ ಹೊಣೆ ಇದಕ್ಕಿಂತ ದೊಡ್ಡದು, ಆದರೆ ಫಲ ಉಣ್ಣುವಾಗ ಅವನು ಕಾಣಿಸುವುದಿಲ್ಲ.

ಇಲ್ಲಿಯವರೆಗೆ ನಾನು ನಿಯಮದ ಪರವಾಗಿಯೇ ವಾದಿಸಿದ್ದೇನೆ. ಆದರೆ ತಪ್ಪು ನಡೆದದ್ದು ಹೆಸರಿಲ್ಲದವರ ವಿರುದ್ಧ ಎಂದಾದರೆ, ಅದೇ ಮಾತನ್ನು ಸರ್ಕಾರಕ್ಕೂ ಹೇಳಬೇಕಾಗುತ್ತದೆ. ಕೆನಡಾದ ಉದಾಹರಣೆ ಇದನ್ನು ಇನ್ನೂ ತೀಕ್ಷ್ಣವಾಗಿ ತೋರಿಸುತ್ತದೆ. ಟೊರಾಂಟೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರೂ ಆ ದೇಶದ ಕಾನೂನಿನ ಅಡಿಯಲ್ಲೇ ಮನೆಯವರನ್ನು ಕರೆಸಿಕೊಳ್ಳುವವರು. ಅಲ್ಲಿನ ವಲಸೆ ನಿಯಮಾವಳಿಯ 117ನೆಯ ನಿಯಮದ ಒಂದು ಉಪವಾಕ್ಯದಂತೆ, ಕಾಯಂ ನಿವಾಸ ಪಡೆಯುವಾಗ ಘೋಷಿಸದೆ ಬಿಟ್ಟ ಸಂಗಾತಿಯನ್ನಾಗಲಿ ಮಗುವನ್ನಾಗಲಿ ಆಮೇಲೆ ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳುವಂತಿಲ್ಲ. ಬೇಕೆಂದು ಬಿಟ್ಟದ್ದೇ, ತಿಳಿಯದೆ ಬಿಟ್ಟದ್ದೇ, ಲಾಭವಾಯಿತೇ ಎಂಬ ಯಾವ ವಿಚಾರಣೆಯೂ ಇಲ್ಲ. ಮದುವೆಯಾಗಿಲ್ಲ, ಒಬ್ಬಳೇ ಮಗಳು ಎಂದು ಹೇಳಿ 1993ರಲ್ಲಿ ಕೆನಡಾ ಸೇರಿದ ತಾಯಿಯೊಬ್ಬಳು ಆಮೇಲೆ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆಸಿಕೊಳ್ಳಲು ಹೋರಾಡಿದಳು. 2005ರಲ್ಲಿ ಫೆಡರಲ್ ಅಪೀಲು ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ಮಾನವೀಯ ನೆಲೆಯಲ್ಲಿ ವಿನಾಯಿತಿ ಕೇಳುವ ದಾರಿ ಬೇರೆ ಇದೆಯಲ್ಲ ಎಂಬುದು ಅದರ ಸಮಾಧಾನ. ತಾಯಿ ಸುಳ್ಳು ಹೇಳಿದ್ದಳು, ನಿಜ. ಆದರೆ ಆ ಸುಳ್ಳಿನಲ್ಲಿ ಮಕ್ಕಳ ಪಾಲೇನಿತ್ತು? ಅವಳು ಅವರನ್ನು ಒಂದು ಸಲ ಇಲ್ಲವೆಂದಳು. ಅದಕ್ಕೆ ದಂಡವಾಗಿ ಸರ್ಕಾರವೂ ಅವರನ್ನು ಇಲ್ಲವೆಂದಿತು. ಅಪ್ಪನ ಲಾಟರಿ ಅರ್ಜಿಯಲ್ಲಿ ಒಬ್ಬ ಮಗನ ಹೆಸರು ಬಿಟ್ಟುಹೋಗಿದ್ದಕ್ಕೆ ತಾಯಿಯ, ಅಕ್ಕನ, ತಮ್ಮನ ವೀಸಾಗಳೆಲ್ಲ ಬೀಳುವಾಗಲೂ ಇದೇ ತರ್ಕ ಕೆಲಸ ಮಾಡುತ್ತದೆ. ಕಾನ್ಸುಲೇಟಿನ ತೀರ್ಮಾನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದಂತೂ ಅಮೆರಿಕದಲ್ಲಿ ಬಹಳ ಕಷ್ಟ. ವಿದೇಶಿ ಸಂಗಾತಿಯನ್ನು ದೇಶದೊಳಕ್ಕೆ ಕರೆಸಿಕೊಳ್ಳುವುದು ಪೌರರಿಗೂ ಮೂಲಭೂತ ಹಕ್ಕಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಬಹುಮತದಿಂದ ಹೇಳಿದೆ.

ಸಡಿಲ ಬಿಟ್ಟರೆ ಮೋಸ ಹೆಚ್ಚುತ್ತದೆಂಬ ಅಧಿಕಾರಿಗಳ ಭಯವನ್ನು ತಳ್ಳಿಹಾಕುವಂತಿಲ್ಲ. ಟೋಗೊದ ವಿವರಗಳನ್ನು ಓದಿದವರು ಯಾರೂ ತಳ್ಳಿಹಾಕಲಾರರು. ಆದರೆ ಬಾಡಿಗೆ ಹೆಂಡತಿಯನ್ನು ಸೇರಿಸುವುದೂ ನಿಜವಾದ ಮಗುವನ್ನು ಬಿಡುವುದೂ ಒಂದೇ ಬಗೆಯ ತಪ್ಪಲ್ಲ. ಮೊದಲನೆಯದರಲ್ಲಿ ಸಂಬಂಧವೇ ಸುಳ್ಳು. ಎರಡನೆಯದರಲ್ಲಿ ಸಂಬಂಧ ನಿಜ, ಕಾಗದ ಮಾತ್ರ ಸುಳ್ಳು. ಜನನ ದಾಖಲೆಯಿಂದಲೋ ಡಿಎನ್ಎ ಪರೀಕ್ಷೆಯಿಂದಲೋ ಅದನ್ನು ಸಾಬೀತುಪಡಿಸುವುದು ಇಂದು ಅಸಾಧ್ಯವೇನೂ ಅಲ್ಲ. ಬರೆದವನಿಗೆ ದಂಡ ಹಾಕಲಿ, ಅವನ ಸರದಿಯನ್ನು ಕೊನೆಗೆ ತಳ್ಳಲಿ, ಬೇಕೆಂದೇ ಮುಚ್ಚಿಟ್ಟಿದ್ದರೆ ಅವನ ವೀಸಾವನ್ನೂ ನಿರಾಕರಿಸಲಿ. ನೋಂದಣಿಯ ಕಿಟಕಿ ತೆರೆದಿರುವಷ್ಟು ದಿನ ಅರ್ಜಿ ತಿದ್ದಲು ಬಿಟ್ಟರೂ ಎಷ್ಟೋ ಪ್ರಮಾದಗಳು ಅಲ್ಲಿಯೇ ಸರಿಹೋಗುತ್ತವೆ. ಕೆನಡಾ 2019ರ ಸೆಪ್ಟೆಂಬರಿನಿಂದ ನಿರಾಶ್ರಿತರಾಗಿ ಬಂದವರಿಗೂ ಕುಟುಂಬ ವರ್ಗದಲ್ಲಿ ಬಂದ ಕೆಲವರಿಗೂ, ಘೋಷಿಸಿದ್ದರೂ ತಮ್ಮ ಅರ್ಹತೆಗೆ ಧಕ್ಕೆಯಾಗುತ್ತಿರಲಿಲ್ಲವೆಂದು ತೋರಿಸಿದರೆ, ಬಿಟ್ಟ ಮಕ್ಕಳನ್ನು ಕರೆಸಿಕೊಳ್ಳಲು ವಿಶೇಷ ಅವಕಾಶ ಕೊಟ್ಟಿತು. ಅದರಿಂದ ಅಲ್ಲಿನ ವಲಸೆ ವ್ಯವಸ್ಥೆಯೇನೂ ಕುಸಿದುಬೀಳಲಿಲ್ಲ. ಅಮೆರಿಕದ ಲಾಟರಿ ನಿಯಮದಲ್ಲಿ ಅಷ್ಟು ಸಣ್ಣ ಕಿಂಡಿಯೂ ಇಲ್ಲದಿರುವುದು ನನ್ನ ಮಟ್ಟಿಗೆ ಅದರ ದೊಡ್ಡ ಕೊರತೆ.

ಉಳಿಯುವುದು ನಾಚಿಕೆಯಿಂದ ಬಿಟ್ಟವರ ಮಾತು: ಮದುವೆಗೆ ಮುಂಚೆ ಹುಟ್ಟಿದ ಮಗು, ಹೊಸ ಸಂಗಾತಿಗೆ ಹೇಳದಿದ್ದ ಮಗು. ಇವರ ಬಗ್ಗೆ ಕಾನೂನಿಗಿಂತ ಹೆಚ್ಚು ಕರುಣೆ ಬೇಕು. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಗುರುಕುಲಕ್ಕೆ ಸೇರಲು ಹೋದಾಗ ಗೌತಮ ಕೇಳುವುದೂ ಮನೆತನದ ವಿವರವನ್ನೇ. ನಿನ್ನ ಗೋತ್ರ ಯಾವುದೋ ನನಗೇ ತಿಳಿಯದು, ನನ್ನ ಹೆಸರು ಜಬಾಲಾ ಎಂದು ತಾಯಿ ಹೇಳಿದ್ದನ್ನು ಹುಡುಗ ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ. ಅವನ ದಿಟ್ಟತನವನ್ನು ಎಲ್ಲರೂ ಹೊಗಳುತ್ತಾರೆ. ಅದಕ್ಕೆ ಮೊದಲು ಮಗನಿಗೆ ಏನನ್ನೂ ಮುಚ್ಚಿಡದ ತಾಯಿ ಮತ್ತು ಉತ್ತರ ಕೇಳಿ ಬಾಗಿಲು ಹಾಕದ ಗುರು ಇದ್ದರೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸತ್ಯ ಹೇಳಿದರೆ ದಾರಿ ಉಳಿಯುತ್ತದೆಂಬ ಭರವಸೆ ಇಬ್ಬರ ಕಡೆಯಿಂದಲೂ ಇತ್ತು. ಈಗಾಗಲೇ ಹೆಸರು ಬಿಟ್ಟು ಅರ್ಜಿ ಹಾಕಿ ಆಯ್ಕೆಯೂ ಆಗಿರುವವರಿಗೆ ಅಂಥ ಭರವಸೆಯನ್ನು ನಿಯಮ ಕೊಡುವುದಿಲ್ಲ. ಆದರೂ ಸಂದರ್ಶನದಲ್ಲಿ ಮಗುವನ್ನು ಎರಡನೆಯ ಸಲ ಮುಚ್ಚಿಡುವುದಕ್ಕಿಂತ, ಮಗು ಇದೆಯೆಂದು ಹೇಳಿ ಆ ವರ್ಷದ ವೀಸಾ ಬಿಟ್ಟುಕೊಡುವುದೇ ಸರಿಯೆಂದು ನಾನು ಹೇಳುತ್ತೇನೆ. ಮೊದಲನೆಯದು ಪ್ರಮಾದವಾಗಿದ್ದಿರಬಹುದು, ಎರಡನೆಯದು ಚೇತನೆಯೇ. ಬೇಕೆಂದು ಮಾಡಿದ ವಂಚನೆಯೆಂಬ ತೀರ್ಪಿಲ್ಲದೆ ಬರಿಯ ಅನರ್ಹತೆಯಲ್ಲಿ ಮುಗಿದರೆ, ನೋಂದಣಿ ಮತ್ತೆ ತೆರೆದಾಗ ಎಲ್ಲರ ಹೆಸರನ್ನೂ ಬರೆದು ಹೊಸ ಅರ್ಜಿ ಹಾಕಲು ಅಡ್ಡಿಯಿರುವುದಿಲ್ಲ.